ಸೈಜಿಂಗ್ ಡೈಯಲ್ಲಿ ಸಿಕ್ಕಿಕೊಂಡ ಹಿತ್ತಾಳೆ ಕಪ್‌ಗಳು: ದಾವಣಗೆರೆ ಜಿಲ್ಲೆಯ ಒಂದು ಪ್ರೆಸ್ ಶೆಡ್ಡಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಡೆದದ್ದು ದಾವಣಗೆರೆ ಮತ್ತು ಹರಿಹರದ ನಡುವಿನ ಒಂದು ಸಣ್ಣ ಪ್ರೆಸ್ ಶೆಡ್ಡಿನಲ್ಲಿ. ಶೆಡ್ಡಿನ ಹೆಸರು, ಯಜಮಾನರ ಹೆಸರು, ಮಾಲು ಕೊಳ್ಳುತ್ತಿದ್ದ ಅಂಗಡಿಗಳ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅಳತೆಗಳನ್ನೂ, ಯಾವ ನಿರ್ಧಾರ ಯಾವುದರ ನಂತರ ಬಂದಿತು ಎಂಬ ಕ್ರಮವನ್ನೂ ಇದ್ದ ಹಾಗೆಯೇ ಇಟ್ಟಿದ್ದೇನೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಆರಂಭವಾದ ಮೇಲೆ ಈ ಭಾಗದ ಎರಡು ಮೂರು ತಲೆಮಾರಿನ ಟರ್ನರ್‌ಗಳಿಗೂ ಫಿಟ್ಟರ್‌ಗಳಿಗೂ ಅದೇ ಪಾಠಶಾಲೆಯಾಗಿತ್ತು; ಇಂದು ಸುತ್ತಮುತ್ತ ಕಾಣುವ ಎಷ್ಟೋ ಶೆಡ್ಡುಗಳಲ್ಲಿ ಕೈಗಳು ಪಳಗಿರುವುದು ಆ ಪರಂಪರೆಯಲ್ಲಿ. ಆದ್ದರಿಂದ ಮುಂದೆ ಬರುವ ತಪ್ಪುಗಳನ್ನು ಕೆಲಸ ಬಾರದವರ ತಪ್ಪುಗಳೆಂದು ಓದಬಾರದು.

ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಪಂಪಿನ ಹಿಡಿಕೆಯೊಳಗೆ ಕೂರುವ ಜರಡಿ ಕಪ್. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಮುಂಗಾರು ಹಿಡಿಯುವ ಮೊದಲೇ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುವುದರಿಂದ ಪಂಪಿನ ಒಳಭಾಗಗಳಿಗೆ ಹಿತ್ತಾಳೆಯನ್ನೇ ಬಳಸುತ್ತಾರೆ. ಹೀಗಾಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಕಪ್ಪಿಗೆ ವಿಪರೀತ ಬೇಡಿಕೆ.

ಕಪ್ಪಿನ ಹೊರವ್ಯಾಸ 18 ಮಿಲಿಮೀಟರ್, ಎತ್ತರ 30. 0.8 ಮಿಲಿಮೀಟರ್ ದಪ್ಪದ ಹಾಳೆಯಿಂದ 52 ಮಿಲಿಮೀಟರಿನ ಬಿಲ್ಲೆ ಕತ್ತರಿಸಿ, ಮೂರು ಡ್ರಾಗಳಲ್ಲಿ (ಪ್ರೆಸ್ಸಿನಲ್ಲಿ ಎಳೆದು ಕಪ್ ಮಾಡುವ ಹಂತಗಳಲ್ಲಿ) 30ಕ್ಕೆ, 23ಕ್ಕೆ, ಕೊನೆಗೆ 18.3ಕ್ಕೆ ಇಳಿಸಿ, ಆಮೇಲೆ ಸೈಜಿಂಗ್ ಡೈಯಲ್ಲಿ, ಅಂದರೆ ಕೊನೆಯ ಅಳತೆ ಕೊಡುವ ಉಕ್ಕಿನ ಅಚ್ಚಿನಲ್ಲಿ, ಒತ್ತಿ 18ರ ಆಸುಪಾಸಿಗೆ, 18.05 ದಾಟದಂತೆ ತರಬೇಕು. ಸೈಜಿಂಗ್ ಹೊತ್ತಿನಲ್ಲೇ ತಳಕ್ಕೆ ಒಂದು ಮೆಟ್ಟಿಲು ಮೂಡಬೇಕಾದ್ದರಿಂದ ಕಪ್ ಡೈಯಿಂದ ಕೆಳಕ್ಕೆ ಹಾದುಹೋಗುವಂತಿಲ್ಲ. ಕೆಳಗಿನಿಂದ ನಾಕೌಟ್ ಪಿನ್ ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ಹಾಳೆ 70:30 ಹಿತ್ತಾಳೆ, ಅಂದರೆ ನೂರಕ್ಕೆ ಎಪ್ಪತ್ತು ತಾಮ್ರ, ಮೂವತ್ತು ಸತು. ಪೇಟೆಯಲ್ಲಿ ಇದನ್ನು ಕಾರ್ಟ್ರಿಜ್ ಬ್ರಾಸ್ ಎಂದು ಕರೆಯುವುದು ಕಾಡತೂಸಿನ ಕವಚವನ್ನು ಇದೇ ಲೋಹದಿಂದ ಎಳೆಯುವ ಕಾರಣಕ್ಕೆ. ಹೊಡೆದು ಉಬ್ಬಿದ ಪಿಸ್ತೂಲಿನ ಖಾಲಿ ಕವಚವನ್ನು ಮತ್ತೆ ಅಳತೆಗೆ ತರುವ ಡೈಯಲ್ಲಿ ಅದು ಸಿಕ್ಕಿಕೊಳ್ಳುವುದಕ್ಕೂ, ಈ ಶೆಡ್ಡಿನ ಕಪ್ ಸಿಕ್ಕಿಕೊಂಡದ್ದಕ್ಕೂ ಲೋಹದ ಮಟ್ಟದಲ್ಲಿ ವ್ಯತ್ಯಾಸವಿಲ್ಲ. ತೆಳು ಗೋಡೆಯ ಹಿತ್ತಾಳೆ, ಬಿಗಿಯಾದ ಉಕ್ಕಿನ ತೂತು, ನಡುವೆ ಜಾರಿಕೆಯ ಪದರ, ಇಷ್ಟೇ ಎರಡೂ ಕಡೆ ಇರುವುದು.

ತೊಂದರೆ

ಏಪ್ರಿಲ್ ಕೊನೆಯ ವಾರದಲ್ಲಿ ಕಪ್‌ಗಳು ಸೈಜಿಂಗ್ ಡೈಯಲ್ಲಿ ಸಿಕ್ಕಿಕೊಳ್ಳತೊಡಗಿದವು. ಬೆಳಿಗ್ಗೆ ಸಲೀಸಾಗಿ ನಡೆಯುವ ಪ್ರೆಸ್ಸು ಮಧ್ಯಾಹ್ನದ ಊಟದ ಹೊತ್ತಿಗೆ ಬಿಗಿಯಾಗುತ್ತಿತ್ತು. ಪಿನ್ ತಳ್ಳಿದರೂ ಕಪ್ ಏಳದೆ, ತಳ ಮಾತ್ರ ಉಬ್ಬಿ ಬರುತ್ತಿತ್ತು. ಕೆಲವೊಮ್ಮೆ ಪಿನ್ನು ತಳವನ್ನು ತೂತು ಮಾಡಿಕೊಂಡೇ ಹೊರಬರುತ್ತಿತ್ತು. ಸಿಕ್ಕ ಕಪ್ಪನ್ನು ತೆಗೆಯಲು ಡೈ ಬಿಚ್ಚಿ, ತಾಮ್ರದ ಸರಳಿನಿಂದ ಬಡಿದು ಹೊರಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು.

ನನ್ನನ್ನು ಕರೆಸುವ ಮುಂಚೆ ಅಲ್ಲಿನವರು ಮೂರು ಪ್ರಯತ್ನ ಮಾಡಿದ್ದರು. ಜಾರಿಕೆಗೆ ಹಚ್ಚುತ್ತಿದ್ದ ಸೋಪಿನ ನೀರನ್ನು ಬಿಟ್ಟು ಗಂಧಕ ಬೆರೆತ ಭಾರಿ ಎಣ್ಣೆ ಹಚ್ಚಿದರು. ಸಿಕ್ಕಿಕೊಳ್ಳುವುದು ಎರಡು ದಿನ ಕಡಿಮೆಯಾಯಿತು, ಆದರೆ ಗಂಧಕ ತಾಮ್ರವನ್ನು ಕಪ್ಪಾಗಿಸುವುದರಿಂದ ಕಪ್‌ಗಳೆಲ್ಲ ಕಪ್ಪುಗಟ್ಟಿದವು. ಪ್ರತಿದಿನ ಬೆಳಿಗ್ಗೆ ಸಹಾಯಕನು ಎಮರಿ ಪೇಪರನ್ನು ಬೆರಳಿಗೆ ಸುತ್ತಿ ಡೈಯ ತೂತಿನಲ್ಲಿ ಗರಗರ ತಿರುಗಿಸಿ ಹೊಳಪು ಮಾಡುತ್ತಿದ್ದ. ಇದರಿಂದಲೇ ಬೆಳಗಿನ ಹೊತ್ತು ಪ್ರೆಸ್ಸು ಸಲೀಸು. ಆದರೆ ಎಮರಿಯ ಗೀರುಗಳು ಬಳೆಯಂತೆ ಅಡ್ಡಲಾಗಿ ಬೀಳುತ್ತಿದ್ದವು, ಕಪ್ ಜಾರುವುದು ಉದ್ದಕ್ಕೆ. ಪ್ರತಿ ಗೀರಿನ ಅಂಚೂ ಹಿತ್ತಾಳೆಯನ್ನು ಚೂರುಚೂರೇ ಕೆರೆದು ಹಿಡಿದುಕೊಂಡು, ನಡುಮಧ್ಯಾಹ್ನದ ಹೊತ್ತಿಗೆ ಡೈಯ ಗೋಡೆಯ ಮೇಲೆ ಹಳದಿ ಪಟ್ಟಿ ಕಟ್ಟುತ್ತಿತ್ತು. ಮೂರನೆಯದಾಗಿ, ಡೈಯನ್ನೇ 0.02 ಮಿಲಿಮೀಟರ್ ಹಿಗ್ಗಿಸಿದರು. ಕಪ್‌ಗಳು 18.06ಕ್ಕೆ ಹೋಗಿ ಹಿಡಿಕೆಯೊಳಗೆ ಕೂರಲಿಲ್ಲ. ಆ ಡೈ ಹೋಯಿತು. ಹೊಸ ಡೈ ಮಾಡಿಸಬೇಕಾಯಿತು.

ನಾನು ಹೋದ ಮೇಲೆ

ಮೇ ತಿಂಗಳ ಎರಡನೆಯ ವಾರದಲ್ಲಿ ನಾನು ಹೋದಾಗ ಹೊಸ ಡೈ ಕೂತಿತ್ತು, ತೊಂದರೆ ಹಾಗೆಯೇ ಇತ್ತು. ಅಳತೆ ತೆಗೆದೆ. ಡೈಯ ಒಳವ್ಯಾಸ 17.97, ಹೊರಬಂದ ಕಪ್ 18.04. ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಬರೆದು, ಎರಡೂ ಮಿತಿಯೊಳಗಿವೆ ಎಂದು ಪಕ್ಕದಲ್ಲಿ ಗುರುತು ಹಾಕಿದೆ. ಈ ಪ್ರಕರಣದಲ್ಲಿ ಅತ್ಯಂತ ದುಬಾರಿಯಾದ ಗೆರೆ ಅದೇ. ಶೆಡ್ಡಿನ ಹಳೆಯ ದಾಖಲೆ ಪುಸ್ತಕದಲ್ಲಿ, ಇದೇ 17.97 ಅಳತೆಯ ಹಳೆಯ ಡೈಯಿಂದ ಹಿಂದಿನ ವರ್ಷ ಬಂದ ಕಪ್‌ಗಳು 17.99 ಇಲ್ಲವೇ 18.00 ಎಂದು ಬರೆದಿತ್ತು. ನಾನು ಆ ಪುಟವನ್ನು ತಿರುಗಿಸಿ ನೋಡಲಿಲ್ಲ.

ನನ್ನ ಕಣ್ಣು ಇದ್ದದ್ದು ಡೈಯ ಮೇಲ್ಮೈಯ ಮೇಲೆ. ಎಮರಿ ತಿರುಗಿಸುವುದನ್ನು ನಿಲ್ಲಿಸಿ, ಕಪ್ ಜಾರುವ ದಿಕ್ಕಿನಲ್ಲೇ ಉದ್ದಕ್ಕೆ ಹೊಳಪು ಕೊಡಿಸಿದೆ. ಆಸಿಡ್ಡಿನಲ್ಲಿ ಅದ್ದಿದ ಕಪ್‌ಗಳನ್ನು ಒಂದೇ ತೊಟ್ಟಿಯಲ್ಲಿ ತೊಳೆಯುತ್ತಿದ್ದರು. ಉಳಿದ ಆಮ್ಲ ಸೋಪನ್ನು ಒಡೆದುಬಿಡುವುದರಿಂದ ಎರಡನೆಯ ತೊಟ್ಟಿ ಇಡಿಸಿದೆ. ಸೋಪಿನ ನೀರು ಬೇಸಗೆಯ ತಗಡಿನ ಶೆಡ್ಡಿನಲ್ಲಿ ಆರಿ ಗಟ್ಟಿಯಾಗದಂತೆ ಎರಡು ಗಂಟೆಗೊಮ್ಮೆ ಬದಲಿಸಲು ಹೇಳಿದೆ. ಇವೆಲ್ಲ ಸರಿಯಾದ ಸಲಹೆಗಳೇ, ಇಂದಿಗೂ ಹಿಂದೆಗೆದುಕೊಳ್ಳಲಾರೆ. ಸಿಕ್ಕಿಕೊಳ್ಳುವುದು ಅರ್ಧಕ್ಕೆ ಇಳಿಯಿತು. ಉಳಿದರ್ಧಕ್ಕೆ ನಾನು ಕಾರ್ಬೈಡ್ ಡೈ (ಉಕ್ಕಿಗಿಂತ ಗಡುಸಾದ ವಸ್ತುವಿನದು) ಹಾಕಿಸಿ ಎಂದೆ. ನೇರ ಗೋಡೆಯ ಪಿಸ್ತೂಲಿನ ಕವಚಗಳಿಗೆ ಕಾರ್ಬೈಡ್ ಉಂಗುರದ ಡೈ ಬಳಸಿದರೆ ಎಣ್ಣೆಯಿಲ್ಲದೆಯೂ ಜಾರುತ್ತವೆ ಎಂಬುದು ಗೊತ್ತಿರುವ ಸಂಗತಿ. ಹಿತ್ತಾಳೆ ಕಾರ್ಬೈಡಿಗೆ ಉಕ್ಕಿಗೆ ಅಂಟುವಷ್ಟು ಅಂಟುವುದಿಲ್ಲ. ಯಜಮಾನರು ದರ ಕೇಳಿ, ಈ ಹಂಗಾಮು ಕಳೆಯಲಿ ಎಂದು ಮುಂದಕ್ಕೆ ಹಾಕಿದರು.

ಅಷ್ಟರಲ್ಲಿ ಆರ್ಡರಿನ ಒತ್ತಡ. ನಾಕೌಟಿನ ಸ್ಪ್ರಿಂಗ್ ತೆಗೆದು ಅದರ ಜಾಗಕ್ಕೆ ಪ್ರೆಸ್ಸಿನಿಂದಲೇ ನೇರವಾಗಿ ಎತ್ತುವ ಗಟ್ಟಿ ಸರಳು ಹಾಕಿದರು. ತಳ ಉಬ್ಬದಂತೆ ಪಿನ್ನಿನ ತಲೆಯನ್ನು ಅಗಲ ಮಾಡಿದರು. ಆಮೇಲೆ ಕಪ್ ಎಷ್ಟೇ ಬಿಗಿಯಾಗಿ ಕೂತರೂ ಎದ್ದು ಬರಲೇಬೇಕಾಯಿತು. ಜೂನ್ ಕೊನೆಯವರೆಗೆ ಒಂದು ದಿನವೂ ಪ್ರೆಸ್ಸು ನಿಲ್ಲಲಿಲ್ಲ. ಯಜಮಾನರು ಫೋನ್ ಮಾಡಿ, "ಸಮಸ್ಯೆ ಮುಗೀತ್ರೀ ಸರ, ಇನ್ನ ಕಾರ್ಬೈಡ್ ಬ್ಯಾಡ ಅನಸ್ತೈತಿ" ಎಂದರು. ನಾನೂ ಸಮಾಧಾನಪಟ್ಟೆ.

ವಾಪಸು ಬಂದ ಪೆಟ್ಟಿಗೆ

ಸೆಪ್ಟೆಂಬರಿನಲ್ಲಿ ಚನ್ನಗಿರಿ ಕಡೆಯ ಒಂದು ಅಂಗಡಿಯಿಂದ ಒಂದು ಪೆಟ್ಟಿಗೆ ವಾಪಸು ಬಂದಿತು. ಒಳಗಿದ್ದ ಕಪ್‌ಗಳ ಪೈಕಿ ಹಲವು ಬಾಯಿಯಿಂದ ತಳದ ಕಡೆಗೆ ನೆಟ್ಟಗೆ ಸೀಳಿದ್ದವು. ಅವುಗಳಲ್ಲಿ ಹೆಚ್ಚಿನವು ಪಂಪಿಗೆ ಹಾಕಿದವೇ ಅಲ್ಲ. ಕಾಗದದಲ್ಲಿ ಸುತ್ತಿದ್ದು ಸುತ್ತಿದ ಹಾಗೇ ಇದ್ದವು. ಯಾರೂ ಬಡಿದಿಲ್ಲ, ಬಿಗಿದಿಲ್ಲ, ಬೀಳಿಸಿಲ್ಲ. ಒಂದನ್ನು ಉಗುರಿನಿಂದ ಒತ್ತಿದರೆ ಸೀಳಿನ ಎರಡು ತುಟಿಗಳೂ ಬಿಸ್ಕತ್ತಿನಂತೆ ಚೂರಾಗಿ ಮುರಿದವು. ಮುರಿದ ಅಂಚು ಹಿತ್ತಾಳೆಯ ಹೊಳಪಿಲ್ಲದೆ ಕಂದಾಗಿತ್ತು. ಎಳೆದರೆ ಮೇಣದಂತೆ ಹಿಗ್ಗುವ ಲೋಹ ಹೀಗೆ ಮುರಿಯುವುದನ್ನು ಕಂಡ ಕೂಡಲೇ ಇದು ಡೈಯ ತೊಂದರೆಯಲ್ಲವೆಂದು ನನಗೆ ಅನ್ನಿಸಿತು.

ಅಂಗಡಿಯವರನ್ನು ಪೆಟ್ಟಿಗೆ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆವು. ಮಳೆಗಾಲದಲ್ಲಿ ಗೋದಾಮಿನ ಮೂಲೆಯಲ್ಲಿ, ಯೂರಿಯಾ ಚೀಲಗಳ ಪಕ್ಕ. ಒಬ್ಬ ರೈತರು ತಂದುಕೊಟ್ಟ ಪಂಪು ದನದ ಕೊಟ್ಟಿಗೆಯ ಗೂಟಕ್ಕೆ ನೇತುಬಿದ್ದಿದ್ದಂತೆ.

ಕಾಡತೂಸಿನ ಚರಿತ್ರೆ ಬಲ್ಲವರಿಗೆ ಇಲ್ಲಿ ಎಲ್ಲವೂ ಕೂಡಿಕೊಳ್ಳುತ್ತದೆ. 19ನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೇನೆಯು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ಕಾಡತೂಸುಗಳು ಹೀಗೆಯೇ ತಮ್ಮಷ್ಟಕ್ಕೆ ಬಿರಿಯುತ್ತಿದ್ದವು. ಮಳೆಯ ಕಾಲದಲ್ಲಿ ಬಿರಿಯುತ್ತಿದ್ದುದರಿಂದ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೇ ಬಂದಿತು. ಕಾರಣವನ್ನು ಬಿಡಿಸಿ ಹೇಳಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಹಿತ್ತಾಳೆಯ ಮೇಲೆ ಕೂರುತ್ತದೆ. ಆ ಹಿತ್ತಾಳೆಯೊಳಗೆ ಮೊದಲೇ ಎಳೆತ (ಎಳೆದು, ಒತ್ತಿ ರೂಪ ಕೊಟ್ಟಾಗ ಲೋಹದಲ್ಲೇ ಉಳಿಯುವ ಬಿಗಿತ) ಉಳಿದುಕೊಂಡಿದ್ದರೆ, ಲೋಹದ ಕಣಗಳ ನಡುವಿನ ಗೆರೆಗುಂಟ ಸೀಳು ಓಡುತ್ತದೆ. ಎರಡೂ ಬೇಕು. ಎಳೆತವಿಲ್ಲದ ಹಿತ್ತಾಳೆ ಅಮೋನಿಯಾದಲ್ಲಿ ನೀಲಿಗಟ್ಟಬಹುದು, ಹೀಗೆ ಸೀಳುವುದಿಲ್ಲ. ನಮ್ಮ ಕೊಟ್ಟಿಗೆಗಳಲ್ಲಿ, ನೀರು ಕುಡಿದ ಯೂರಿಯಾ ಚೀಲಗಳ ಬಳಿ ಅಮೋನಿಯಾ ಇದ್ದೇ ಇರುತ್ತದೆ. ಅದನ್ನು ತಪ್ಪಿಸಿ ಎಂದು ರೈತರಿಗೆ ಹೇಳುವುದು ನ್ಯಾಯವಲ್ಲ. ಹಾಗಾದರೆ ಈ ವರ್ಷದ ಕಪ್‌ಗಳಲ್ಲಿ ಮಾತ್ರ ಇಷ್ಟು ಎಳೆತ ಎಲ್ಲಿಂದ ಬಂತು?

ಕಲ್ಲಿನ ಮೇಲಿನ ಸದ್ದು

ಉತ್ತರ ಸಿಕ್ಕಿದ್ದು ಕಪ್ ತೊಳೆಯುವ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿನಿಂದ. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ. ನಾವು ಮೇಜಿನ ಮೇಲೆ ಸೀಳಿದ ಕಪ್‌ಗಳನ್ನು ಹರಡಿಕೊಂಡು ಕೂತಿದ್ದಾಗ ಅವರು ಒಂದು ಸೀಳದ ಕಪ್ಪನ್ನು ಎತ್ತಿ ತೊಟ್ಟಿಯ ಕಲ್ಲಿನ ಅಂಚಿಗೆ ತಟ್ಟಿದರು. ಠಣ್ ಎಂದಿತು. "ಮೊದಲಿನವು ಹಿಂಗ ಕೂಗ್ತಿರಲಿಲ್ಲ್ರಿ. ಕಾಸಿದ್ದು ಠಪ್ ಅಂತೈತಿ. ಬ್ಯಾಸಗಿಯಿಂದ ಬರೇ ಇವೇ ಬರಾಕ ಹತ್ತ್ಯಾವು" ಎಂದರು. ಯಾರಿಗೂ ಹೇಳಲಿಲ್ಲವೇ ಎಂದು ಕೇಳಿದ್ದಕ್ಕೆ, ಯಾರೂ ಕೇಳಲಿಲ್ಲ ಎಂದರು.

ಕಾಸಿದ್ದು ಎಂಬ ಆ ಒಂದು ಮಾತಿನಿಂದ ಯಜಮಾನರ ಮುಖ ಬದಲಾಯಿತು. ಎರಡನೆಯ ಮತ್ತು ಮೂರನೆಯ ಡ್ರಾಗಳ ನಡುವೆ ಕಪ್‌ಗಳನ್ನು ಕುಲುಮೆಗೆ ಕಳಿಸಿ ಅನೀಲ್ ಮಾಡಿಸುವುದು, ಅಂದರೆ ಕಾಸಿ ಮೆದುಗೊಳಿಸುವುದು, ಪದ್ಧತಿ. ಏಪ್ರಿಲ್ ನಡುವೆ ಕುಲುಮೆಯವರು ನಾಲ್ಕು ದಿನ ತಡ ಮಾಡಿದಾಗ, ಒಂದು ಲಾಟನ್ನು ಕಾಸದೆಯೇ ಮೂರನೆಯ ಡ್ರಾಗೆ ಹಾಕಿ ನೋಡಿದ್ದರು. ಒಂದೂ ಹರಿಯಲಿಲ್ಲ. 70:30 ಹಿತ್ತಾಳೆಯ ಒಳ್ಳೆಯ ಗುಣವೇ ಅದು. ನಡುವೆ ಕಾಸದೆ 23ರಿಂದ 18.3ಕ್ಕೆ ಇಳಿಸಿದರೂ ತಡೆದುಕೊಳ್ಳುತ್ತದೆ. ಹಾಗಾಗಿ ಆ ಹಂತವನ್ನೇ ಬಿಟ್ಟುಬಿಟ್ಟರು. ದಿನವೂ ಉಳಿಯಿತು, ಕಾಸುವ ಖರ್ಚೂ ಉಳಿಯಿತು. ಸಿಕ್ಕಿಕೊಳ್ಳುವ ತೊಂದರೆ ಶುರುವಾದದ್ದು ಅದಾದ ಒಂದು ವಾರಕ್ಕೆ, ಮೂರನೆಯ ಡ್ರಾದಲ್ಲಿ ಅಲ್ಲ, ಸೈಜಿಂಗಿನಲ್ಲಿ. ಆದ್ದರಿಂದ ಎರಡನ್ನೂ ಯಾರೂ ಜೋಡಿಸಿ ನೋಡಿರಲಿಲ್ಲ. ನಾನು ಮೇ ತಿಂಗಳಲ್ಲಿ ಹೋದಾಗ ಈಚೆಗೆ ಏನು ಬದಲಾಯಿಸಿದ್ದೀರಿ ಎಂದು ಸೈಜಿಂಗ್ ಪ್ರೆಸ್ಸಿನ ಬಗ್ಗೆ ಮಾತ್ರ ಕೇಳಿದ್ದೆ. ಅದರ ಹಿಂದಿನ ಹಂತಗಳ ಬಗ್ಗೆ ಕೇಳಬೇಕಿತ್ತು.

ಆಗ ನನ್ನ ಟಿಪ್ಪಣಿ ಪುಸ್ತಕ ತೆಗೆದೆ. 17.97 ಡೈ, 18.04 ಕಪ್. ಲೆಕ್ಕ ಒರಟು, ಆದರೆ ಸರಳ. ಕಾಸಿದ 70:30 ಹಿತ್ತಾಳೆ ಸುಮಾರು 110 ಮೆಗಾಪಾಸ್ಕಲ್ ಒತ್ತಡದ ಆಸುಪಾಸಿನಲ್ಲಿ ಮಣಿಯುತ್ತದೆ; ಎಳೆದೆಳೆದು ಗಡುಸಾದದ್ದು ಅದರ ನಾಲ್ಕು ಪಟ್ಟು, ಸುಮಾರು 440ಕ್ಕೆ. ಸ್ಥಿತಿಸ್ಥಾಪಕತ್ವದ ಅಂಕ ಎರಡಕ್ಕೂ ಒಂದೇ, 110 ಗಿಗಾಪಾಸ್ಕಲ್. ಒತ್ತಿ ಬಿಟ್ಟಾಗ ಮೊದಲನೆಯದು ಸಾವಿರಕ್ಕೆ ಒಂದು ಪಾಲು ಹಿಂದಕ್ಕೆ ಹಿಗ್ಗಿದರೆ ಎರಡನೆಯದು ಸಾವಿರಕ್ಕೆ ನಾಲ್ಕು ಪಾಲು ಹಿಗ್ಗುತ್ತದೆ. 18 ಮಿಲಿಮೀಟರ್ ವ್ಯಾಸಕ್ಕೆ ಅದು 0.02 ಮತ್ತು 0.07. ಹಳೆಯ ದಾಖಲೆಯ 17.99 ಮತ್ತು ನನ್ನ 18.04, ಎರಡೂ ಈ ಲೆಕ್ಕಕ್ಕೆ ಕೂತವು. ಹೊರಗೆ ಬಂದ ಮೇಲೆ 0.07 ಹಿಗ್ಗುವ ಕಪ್ ಡೈಯೊಳಗೆ ಇರುವಾಗ ಹಿಗ್ಗಲಾರದೆ ಗೋಡೆಯನ್ನು ಅಷ್ಟೇ ಜೋರಾಗಿ ಒತ್ತಿಕೊಂಡಿರುತ್ತದೆ. ಸಿಕ್ಕಿಕೊಳ್ಳುವುದೆಂದರೆ ಅದೇ. ಆ ಒತ್ತಡಕ್ಕೆ ಸೋಪಿನ ಪದರ ಹರಿದು, ಹಿತ್ತಾಳೆ ಉಕ್ಕಿಗೆ ಅಂಟಿ, ಎಮರಿಯ ಗೀರುಗಳಲ್ಲಿ ತುಂಬಿಕೊಳ್ಳುತ್ತಿತ್ತು. ನಾನು ಗುಣಪಡಿಸಲು ಹೊರಟದ್ದು ಈ ಕೊನೆಯ ಸಂಗತಿಯನ್ನು ಮಾತ್ರ. ಕಾಸದೆ ಗಡುಸಾದ ಕಪ್ಪಿನೊಳಗೆ ಉಳಿಯುವ ಎಳೆತವೂ ಅಷ್ಟೇ ಹೆಚ್ಚಿರಬೇಕು ಎಂದು ಆಗ ಊಹಿಸಿದೆವು.

ಪರೀಕ್ಷೆ

ಊಹೆಯ ಮೇಲೆ ಎಲ್ಲ ಮಾಲನ್ನೂ ವಾಪಸು ತರಿಸುವುದು ಸಣ್ಣ ಶೆಡ್ಡಿಗೆ ಸುಲಭದ ಮಾತಲ್ಲ. ಎರಡು ಪರೀಕ್ಷೆ ಮಾಡಿದೆವು. ಮೊದಲನೆಯದಕ್ಕೆ ಸಾಣೆ ಹಿಡಿದ ತೆಳು ಗರಗಸವೊಂದೇ ಸಾಕು: ಕಪ್ಪಿನ ತಳ ಕತ್ತರಿಸಿ ಉಳಿದ ಕೊಳವೆಯನ್ನು ಉದ್ದಕ್ಕೆ ಸೀಳಿದೆವು. ಕಾಸದ ಕಪ್, ಗರಗಸ ಕೊನೆ ಮುಟ್ಟುವ ಮೊದಲೇ ಟಕ್ಕನೆ ಬಾಯಿ ತೆರೆಯಿತು. ಬ್ಲೇಡಿನ ಅಗಲ ಕಳೆದು ವರ್ನಿಯರಿನಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು. ಹಿಂದಿನ ವರ್ಷದ ಉಳಿಕೆಯಲ್ಲಿ ಸಿಕ್ಕ ಕಾಸಿದ ಕಪ್ ಅರ್ಧ ಮಿಲಿಮೀಟರಿನಷ್ಟು ತೆರೆಯಿತು.

ಎರಡನೆಯದು ಅಮೋನಿಯಾದ್ದು. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನ ತಳದಲ್ಲಿ ಅಮೋನಿಯಾ ದ್ರಾವಣ ಹಾಕಿ, ಮೇಲೆ ನೈಲಾನ್ ದಾರದಲ್ಲಿ ನಾಲ್ಕು ಬಗೆಯ ಕಪ್‌ಗಳನ್ನು ಆರಾರರಂತೆ ನೇತುಹಾಕಿ, ಶೆಡ್ಡಿನ ಹೊರಗೆ ಗಾಳಿ ಆಡುವ ಕಡೆ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ತೆಗೆದು, ಆಸಿಡ್ಡಿನಲ್ಲಿ ಅದ್ದಿ ನೀಲಿ ಬಣ್ಣ ಕಳೆದು ಭೂತಗನ್ನಡಿಯಲ್ಲಿ ನೋಡಿದೆವು. ಕಾಸದೆ ಎಳೆದವು ಆರಕ್ಕೆ ಆರೂ ಸೀಳಿದ್ದವು. ನಡುವೆ ಕಾಸಿ ಎಳೆದವುಗಳಲ್ಲಿ ಎರಡು ಸೀಳಿದ್ದವು. ಅಂದರೆ ಹಳೆಯ ಪದ್ಧತಿಯೂ ಪೂರ್ತಿ ಸುರಕ್ಷಿತವಾಗಿರಲಿಲ್ಲ, ಅದೃಷ್ಟ ಕಾಯ್ದಿತ್ತು. ಸೈಜಿಂಗ್ ಆದ ಮೇಲೆ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಸಿ ಮಾಡಿದ ಎರಡೂ ಬಗೆಯವುಗಳಲ್ಲಿ ಒಂದೂ ಸೀಳಿರಲಿಲ್ಲ. ಅಷ್ಟು ಶಾಖಕ್ಕೆ ಹಿತ್ತಾಳೆಯ ಗಡಸುತನ ಬಹುಮಟ್ಟಿಗೆ ಹಾಗೇ ಉಳಿದು, ಒಳಗಿನ ಎಳೆತ ಮಾತ್ರ ಸಡಿಲಗೊಳ್ಳುತ್ತದೆ.

ಈ ಬಕೆಟ್ಟನ್ನು ನೋಡಿದ ಮೇಲೆ ಕಾರ್ಬೈಡ್ ಡೈಯ ನನ್ನ ಸಲಹೆ ನೆನಪಾಗಿ ಮೈ ಜುಮ್ಮೆಂದಿತು. ಅದನ್ನು ಮೇ ತಿಂಗಳಲ್ಲೇ ಹಾಕಿಸಿದ್ದರೆ ಕಪ್‌ಗಳು ಜಾರಿ ಹೊರಬರುತ್ತಿದ್ದವು, ಯಾರಿಗೂ ಯಾವ ಸುಳಿವೂ ಉಳಿಯುತ್ತಿರಲಿಲ್ಲ, ಒಳಗಿನ ಎಳೆತ ಮಾತ್ರ ಹಾಗೆಯೇ ಅಂಗಡಿ ಸೇರುತ್ತಿತ್ತು. ಗಟ್ಟಿ ನಾಕೌಟ್ ಸರಳು ಮಾಡಿದ್ದೂ ಅದನ್ನೇ.

ನಿರ್ಧಾರಗಳು ಮತ್ತು ಫಲ

ಯಜಮಾನರ ಮುಂದೆ ಎರಡು ದಾರಿ ಇದ್ದವು. ಸೀಳಿದವಕ್ಕೆ ಮಾತ್ರ ಬದಲಿ ಕೊಡುವುದು, ಇಲ್ಲವೇ ಏಪ್ರಿಲ್‌ನಿಂದ ಕಳಿಸಿದ್ದನ್ನೆಲ್ಲ ವಾಪಸು ಕರೆಯುವುದು. ಅವರ ಅಣ್ಣನವರು ಮೊದಲನೆಯದೇ ಸಾಕು ಎಂದು ಗಟ್ಟಿಯಾಗಿ ವಾದಿಸಿದರು. ಔಷಧಿ ಹೊಡೆಯುತ್ತಿರುವಾಗ ಜರಡಿ ಕಪ್ ಸೀಳಿದರೆ ಮೈಲುತುತ್ತದ ನೀರು ಹಿಡಿಕೆಯಿಂದ ಕೈಗೆ ಸೋರುತ್ತದೆ ಎಂದು ನಾನು ಹೇಳಿದೆ. ಒಂದು ದಿನ ಯೋಚಿಸಿ ಯಜಮಾನರು ಎಲ್ಲವನ್ನೂ ವಾಪಸು ಕರೆದರು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ನಿರ್ಧಾರ ಅದು.

ವಾಪಸು ಬಂದ ಸೀಳದ ಕಪ್‌ಗಳನ್ನು ಉಳಿಸಲು ಸಾಧ್ಯವಾಯಿತು, ಆದರೆ ಒಂದು ಎಚ್ಚರಿಕೆಯೊಂದಿಗೆ. ಎಳೆತ ತುಂಬಿದ ಹಿತ್ತಾಳೆಯನ್ನು ಒಮ್ಮೆಲೇ ಬಿಸಿಗೆ ನೂಕಿದರೆ ಬಿಸಿಯಲ್ಲೇ ಬಿರಿಯಬಹುದು. ದಾವಣಗೆರೆಯ ಒಂದು ಮುಚ್ಚಿದ ಬೇಕರಿಯಿಂದ ಕೊಂಡ ಹಳೆಯ ವಿದ್ಯುತ್ ಒಲೆಗೆ ಶಾಖಮಾಪಕ ಕೂಡಿಸಿ, ತಣ್ಣಗಿರುವಾಗಲೇ ತಟ್ಟೆಗಳನ್ನು ಇಟ್ಟು, ನಿಧಾನವಾಗಿ ಏರಿಸಿದೆವು. ಆಮೇಲೆ ಪ್ರತಿಯೊಂದನ್ನೂ ಕಣ್ಣಿನಲ್ಲಿ ನೋಡಿ ಬೇರ್ಪಡಿಸಬೇಕಾಯಿತು. ಮೊದಲೇ ಕಾಣದಷ್ಟು ಸಣ್ಣದಾಗಿ ಸೀಳು ಹಿಡಿದಿದ್ದ ಕೆಲವು ಈ ಹೊತ್ತಿನಲ್ಲಿ ಬಾಯಿಬಿಟ್ಟವು.

ಎರಡನೆಯ ಡ್ರಾ ಆದ ಮೇಲೆ ಕಾಸುವ ಹಂತ ಮತ್ತೆ ಬಂದಿತು. ಸೈಜಿಂಗ್ ನಂತರದ 260 ಡಿಗ್ರಿಯ ಒಂದು ಗಂಟೆ ಹೊಸದಾಗಿ ಸೇರಿತು. ನಾಕೌಟಿನ ಗಟ್ಟಿ ಸರಳನ್ನು ತೆಗೆಸಿ ಸ್ಪ್ರಿಂಗ್ ವಾಪಸು ಹಾಕಿಸಿದೆ. ಕಪ್ ಬಿಗಿಯಾದರೆ ಪ್ರೆಸ್ಸು ನಿಲ್ಲಲಿ ಎಂಬುದೇ ಉದ್ದೇಶ. ಕಾಸಿದ ಕಪ್‌ಗಳು ಅದೇ ಉಕ್ಕಿನ ಡೈಯಲ್ಲಿ, ಅದೇ ಸೋಪಿನ ನೀರಿನಲ್ಲಿ ದಿನವಿಡೀ ನಡೆಯುತ್ತಿವೆ, ಅಳತೆ ಮತ್ತೆ 17.99, 18.00. ದಾಖಲೆ ಪುಸ್ತಕದಲ್ಲಿ ಈಗ ಕಪ್ಪಿನ ಅಳತೆಯ ಪಕ್ಕದಲ್ಲೇ ಡೈಯ ಅಳತೆಯನ್ನೂ, ಎರಡರ ವ್ಯತ್ಯಾಸವನ್ನೂ ಬರೆಯುತ್ತಾರೆ, ವ್ಯತ್ಯಾಸ 0.04 ದಾಟಿದರೆ, ಕಪ್ ಮಿತಿಯೊಳಗೇ ಇದ್ದರೂ, ಲಾಟ್ ನಿಲ್ಲುತ್ತದೆ. ಕಾಸಿದ ಪ್ರತಿ ತಟ್ಟೆಯಿಂದ ಒಂದು ಕಪ್ಪನ್ನು ಅಕ್ಕ ಕಲ್ಲಿಗೆ ತಟ್ಟಿ ಕೇಳುತ್ತಾರೆ, ಅದರ ಕಾಲಂನಲ್ಲಿ ಅವರದೇ ಸಹಿ ಬೀಳುತ್ತದೆ.

ಕಳಿಸಿದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ವಾಪಸು ಬರಲೇ ಇಲ್ಲ. ಅವು ಆಗಲೇ ಮಾರಾಟವಾಗಿ ತೋಟಗಳನ್ನು ಸೇರಿದ್ದವು. ಅವಕ್ಕಾಗಿ ಯಜಮಾನರು ಬಾಗಿಲ ಬಳಿ ಬಿಸಿ ಮಾಡಿದ ಕಪ್‌ಗಳ ಒಂದು ಡಬ್ಬಿ ಇಟ್ಟಿದ್ದಾರೆ; ಸೀಳಿದ ಕಪ್ ಹಿಡಿದು ಯಾರೇ ಬಂದರೂ ಬಿಲ್ ಕೇಳದೆ ಬದಲಿ ಕೊಡುತ್ತಾರೆ. ನಾನು ಕೊನೆಯ ಬಾರಿ ಹೋದಾಗ ಡಬ್ಬಿ ಅರ್ಧ ಖಾಲಿಯಾಗಿತ್ತು.